ಎಡಗೈಯ ತಾಳ

ಅಮ್ಮನನ್ನು ಸಂಗೀತ ಚಿಕಿತ್ಸೆಗೆ ಸೇರಿಸೋಣ ಎಂದು ಮಗಳು ಹೇಳಿದಾಗ ಟೈಲರ್ ಒಂದು ಪ್ಯಾಂಟಿನ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ತಲೆ ಎತ್ತಲಿಲ್ಲ. ಮಾತೇ ಬರದವಳಿಗೆ ಹಾಡು ಎಲ್ಲಿಂದ ಬರುತ್ತದೆ, ನಿನಗೆ ಮಾಡಲು ಬೇರೆ ಕೆಲಸವಿಲ್ಲವೇ ಎಂದು ಗೊಣಗಿದ. ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನಕ್ಕೆ ಐವತ್ತು ಅರವತ್ತು ಜನರ ತೋಳಿಗೆ ಸೂಜಿ ಚುಚ್ಚಿ, ಅವರ ಗೊಣಗಾಟವನ್ನೆಲ್ಲ ಕೇಳಿ ಪಳಗಿದ್ದಳು. ಅಪ್ಪನದನ್ನೂ ಆ ಲೆಕ್ಕಕ್ಕೇ ಸೇರಿಸಿ, ಮಂಗಳವಾರ ಹನ್ನೊಂದಕ್ಕೆ ಹೋಗಬೇಕು, ತಾನು ರಜೆ ಹಾಕಿದ್ದೇನೆ ಎಂದು ಹೇಳಿ ತನ್ನ ಮನೆಗೆ ಹೊರಟುಹೋದಳು.

ಟೈಲರನ ಹೆಂಡತಿಗೆ ಪಾರ್ಶ್ವವಾಯು ಬಡಿದು ಎರಡು ತಿಂಗಳಾಗಿತ್ತು. ಬಲಗಾಲು ತಕ್ಕಮಟ್ಟಿಗೆ ಸುಧಾರಿಸಿ, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿಬರುತ್ತಿದ್ದಳು. ಬಲಗೈ ಮಾತ್ರ ಯಾರದೋ ಕೈ ಎನ್ನುವ ಹಾಗೆ ಪಕ್ಕದಲ್ಲಿ ತೂಗುತ್ತಿತ್ತು. ಮಾತಿನಲ್ಲಿ ಉಳಿದದ್ದು ಒಂದೇ ಒಂದು ಶಬ್ದ, "ಆಮೇಲೆ." ಊಟ ಬಡಿಸಲೇ ಎಂದರೂ ಆಮೇಲೆ, ತಲೆನೋವೇ ಎಂದರೂ ಆಮೇಲೆ, ನೋಡಲು ಬಂದವರು ಹೇಗಿದ್ದೀರಿ ಎಂದರೂ ಆಮೇಲೆ. ಎದುರಿನವರು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು. ತಾನು ಹೇಳಬೇಕಾದದ್ದೂ ಒಳಗೆ ಇತ್ತು. ಬಾಯಿ ತೆರೆದರೆ ಮಾತ್ರ ಆ ಒಂದೇ ಶಬ್ದ ಹೊರಗೆ ಬರುತ್ತಿತ್ತು. ಪಕ್ಕದ ಮನೆಯವರು ನಗು ತಡೆದುಕೊಳ್ಳಲು ಪಡುವ ಪಾಡು ಟೈಲರನಿಗೆ ಕಾಣುತ್ತಿತ್ತು. ಅವನಿಗೆ ನಗು ಬರುತ್ತಿರಲಿಲ್ಲ. ಅದು ಅವನದೇ ಶಬ್ದ.

ಪಾರ್ಶ್ವವಾಯು ಬಡಿದ ದಿನ ಬೆಳಿಗ್ಗೆ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರದ ಅಂಗಿಗಳು ಗುಡ್ಡೆ ಬಿದ್ದಿದ್ದವು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವನು ಯಂತ್ರದ ಮುಂದೆ, ಅವಳು ಕಿಟಕಿಯ ಪಕ್ಕ ಸ್ಟೂಲಿನ ಮೇಲೆ. ಕಾಜ, ಗುಂಡಿ, ಹೆಮ್ಮಿಂಗ್ ಎಲ್ಲ ಅವಳ ಪಾಲು. ಹತ್ತೂವರೆಗೆ ಅವಳು, "ರೀ, ಬೆರಳಲ್ಲಿ ಸೂಜಿ ನಿಲ್ತಾ ಇಲ್ಲ. ಡಾಕ್ಟರ ಹತ್ರ ಹೋಗ್ಬರೋಣ್ವಾ?" ಎಂದಳು. ಅವನು ಯಂತ್ರ ನಿಲ್ಲಿಸಲಿಲ್ಲ. ಆಮೇಲೆ ಹೋಗೋಣ, ಇನ್ನೂ ಇಪ್ಪತ್ತೆರಡು ಅಂಗಿ ಇದೆ ಎಂದ. ಸ್ವಲ್ಪ ಹೊತ್ತು ಬಿಟ್ಟು ಅವಳು ಮತ್ತೆ ಕೇಳಿದಳು. ಈ ಸಲ ನಾಲಿಗೆ ದಪ್ಪಗಾದ ಹಾಗೆ ಕೇಳಿಸಿತು. ಆಮೇಲೆ ಅಂದ್ನಲ್ಲ ಎಂದು ರೇಗಿದ. ಕೊನೆಯ ಸಲ ಅವಳು, "ನನ್ನ ಕೈಲಿ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು. ಬೇಜಾರಾಗಿ ಸುಮ್ಮನಾದಳು ಎಂದುಕೊಂಡ ಅವನು. ಒಂದು ಗಂಟೆಯ ಹೊತ್ತಿಗೆ ಅವಳು ಸ್ಟೂಲಿನಿಂದ ಜಾರಿ ಅಂಗಿಗಳ ಮೇಲೆ ಬಿದ್ದಳು.

ಆಸ್ಪತ್ರೆ ಮುಟ್ಟಿದಾಗ ಒಂದೂವರೆ. ಇದು ಶುರುವಾದದ್ದು ಎಷ್ಟು ಹೊತ್ತಿಗೆ ಎಂದು ಡಾಕ್ಟರು ಕೇಳಿದರು. ಅಷ್ಟರಲ್ಲಿ ಮಗಳೂ ಓಡಿಬಂದು ಪಕ್ಕದಲ್ಲಿ ನಿಂತಿದ್ದಳು. ಟೈಲರನ ಬಾಯಿಂದ ಸುಳ್ಳು ತಾನಾಗಿ ಹೊರಬಿತ್ತು. ತಾನು ಎಂಟು ಗಂಟೆಗೇ ಬಟ್ಟೆ ಕೊಡಲು ಹೋಗಿದ್ದೆ, ಆಗ ಚೆನ್ನಾಗಿದ್ದಳು, ಈಗ ಬಂದು ನೋಡಿದರೆ ನೆಲದ ಮೇಲೆ ಬಿದ್ದಿದ್ದಳು ಎಂದ. ಡಾಕ್ಟರು ಗಡಿಯಾರ ನೋಡಿದರು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಒಂದು ಇಂಜೆಕ್ಷನ್ ಇದೆ, ಶುರುವಾದ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು, ಎಂಟರಿಂದ ಲೆಕ್ಕ ಹಾಕಿದರೆ ಆ ಹೊತ್ತು ಮೀರಿದೆ, ಈಗ ಕೊಟ್ಟರೆ ಅಪಾಯ ಎಂದು ತಿಳಿಸಿ ಹೇಳಿದರು. ಎಂಟಲ್ಲ, ಹತ್ತೂವರೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಗಳು ಅವನ ತೋಳು ಹಿಡಿದುಕೊಂಡು, ನಿಮ್ಮದೇನು ತಪ್ಪಪ್ಪ, ನೀವು ಮನೆಯಲ್ಲೇ ಇರಲಿಲ್ಲವಲ್ಲ ಎಂದು ಸಮಾಧಾನ ಹೇಳುತ್ತಿದ್ದಳು. ಅವನು ಹೂಂ ಎಂದ. ತಳ್ಳುಗಾಡಿಯ ಮೇಲೆ ಮಲಗಿದ್ದ ಹೆಂಡತಿಯ ಕಣ್ಣು ತೆರೆದೇ ಇತ್ತು. ಅವಳು ಅವನನ್ನೇ ನೋಡುತ್ತಿದ್ದಳು.

ಆ ಬೆಳಗಿನ ವಿಷಯ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬರಿಗೆ ಮಾತಿಲ್ಲ. ಈಗ ಮಗಳು ಆ ಮಾತನ್ನು ವಾಪಸು ತರಿಸಲು ಹೊರಟಿದ್ದಳು.

ಸಂಗೀತ ಚಿಕಿತ್ಸೆಯ ಜಾಗ ಒಂದು ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಹತ್ತೊಂಬತ್ತು ಮೆಟ್ಟಿಲು, ಹೆಂಡತಿಯನ್ನು ಹತ್ತಿಸುವಾಗ ಟೈಲರ್ ಎಣಿಸಿದ್ದ. ಹೊರಗೆ ಬೆಂಚು, ಒಳಗೆ ಅಕ್ಕಪಕ್ಕ ಎರಡು ಅಗಲವಾದ ಕೋಣೆ. ಒಂದು ಕೀಬೋರ್ಡು, ಎರಡು ಡೋಲು, ಗಿಲಕಿಗಳು ತುಂಬಿದ ಪ್ಲಾಸ್ಟಿಕ್ ಬುಟ್ಟಿ, ಗೋಡೆಗೆ ದಪ್ಪ ಸ್ಪಂಜಿನ ಹಾಳೆ. ಅದನ್ನು ನಡೆಸುತ್ತಿದ್ದ ಹೆಂಗಸಿಗೆ ನಲವತ್ತೈದರ ಆಸುಪಾಸು. ಮೊದಲು ಶಾಲೆಯಲ್ಲಿ ಸಂಗೀತದ ಟೀಚರ್ ಆಗಿದ್ದು, ಆಮೇಲೆ ಈ ಚಿಕಿತ್ಸೆಯನ್ನೇ ಓದಿ ಬಂದವರು. ಎಲ್ಲರೂ ಅವರನ್ನು ಹಾಡಿನ ಮೇಡಂ ಎನ್ನುತ್ತಿದ್ದರು. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದರು.

ಅವರು ಮೊದಲೇ ಹೇಳಿಬಿಟ್ಟರು. ತಾನು ಪವಾಡ ಮಾಡುವವಳಲ್ಲ. ಇಲ್ಲಿಗೆ ಬಂದವರೆಲ್ಲ ಗುಣವಾಗಿ ಹೋಗುವುದಿಲ್ಲ. ನಡುಕದ ಕಾಯಿಲೆಯ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಬರುತ್ತಾರೆ. ಡೋಲು ಬಾರಿಸಿದರೆ ಅವರ ಕಾಲು ಆ ತಾಳ ಹಿಡಿದು ಬಾಗಿಲು ದಾಟುತ್ತದೆ, ಇಲ್ಲದಿದ್ದರೆ ಹೊಸ್ತಿಲಲ್ಲೇ ಅಂಟಿಕೊಳ್ಳುತ್ತದೆ. ಕಾಯಿಲೆ ಹೋಗಿಲ್ಲ, ಬಾಗಿಲು ದಾಟುವುದು ಸಾಧ್ಯವಾಗಿದೆ, ಅಷ್ಟೇ. ಮರೆವಿನ ಕಾಯಿಲೆಯವರು ಕೆಲವರು ಬರುತ್ತಾರೆ. ಹಾಡು ಕೇಳಿದ ದಿನ ಮನೆಯವರ ಮೇಲೆ ಕೈ ಎತ್ತುವುದಿಲ್ಲ, ಹೊಟ್ಟೆ ತುಂಬ ಉಣ್ಣುತ್ತಾರೆ. "ನಿಮ್ಮಮ್ಮಂದು ಬೇರೆ," ಎಂದು ಮಗಳ ಕಡೆ ತಿರುಗಿದರು. "ಮಾತಾಡೋ ಕೆಲಸ ಹೆಚ್ಚಿನವರಿಗೆ ಮೆದುಳಿನ ಎಡಗಡೆ ನಡೆಯುತ್ತೆ. ಪೆಟ್ಟು ಬಿದ್ದಿರೋದು ಅಲ್ಲೇ. ಆದ್ರೆ ರಾಗ, ತಾಳ ಬಲಗಡೆಗೂ ಗೊತ್ತು. ದೊಡ್ಡ ರಸ್ತೆ ಅಗೆದು ಹಾಕಿದಾಗ ನಾವು ಸಂದಿಯಿಂದ ಮನೆ ಸೇರಲ್ವಾ, ಆ ಥರ."

ಅಮ್ಮ ಹಾಡುತ್ತಿದ್ದರೇ ಎಂದು ಅವರು ಕೇಳಿದರು. ಹಾಡು ಅಂತ ಏನಿಲ್ಲ, ನಾನು ಚಿಕ್ಕವಳಿದ್ದಾಗ ಗುಂಡಿ ಹೊಲಿಯುತ್ತ ಏನೋ ಒಂದು ಕಟ್ಟಿ ಹೇಳುತ್ತಿದ್ದಳು ಎಂದು ಮಗಳು ನಾಚಿಕೊಂಡೇ ಅದನ್ನು ಹೇಳಿದಳು. ಮೇಡಂ ರಾಗ ಕೇಳಿ ಕೀಬೋರ್ಡಿನಲ್ಲಿ ಹಿಡಿದರು. ಆಮೇಲೆ ಟೈಲರನ ಹೆಂಡತಿಯ ಎದುರು ಕುರ್ಚಿ ಎಳೆದು ಕುಳಿತು, ಅವಳ ಎಡಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಅಕ್ಷರಕ್ಕೊಂದರಂತೆ ಮೇಜಿನ ಮೇಲೆ ತಟ್ಟಿಸುತ್ತ ಬರೀ ಗುನುಗಿದರು. ಎರಡು ಸಲ, ಮೂರು ಸಲ. ಹೆಂಡತಿಯೂ ಗುನುಗಿದಳು. ನಾಲ್ಕನೆಯ ಸಲ ಮೇಡಂ ಶಬ್ದಗಳನ್ನು ಸೇರಿಸಿದರು. ಐದನೆಯ ಸಲ ಅವರು ಅರ್ಧಕ್ಕೇ ಬಿಟ್ಟುಬಿಟ್ಟರು. ಹಾಡು ಮಾತ್ರ ನಿಲ್ಲಲಿಲ್ಲ.

"ಒಂದು ಗುಂಡಿ ಅಂಗಿಗೆ, ಎರಡು ಗುಂಡಿ ಲಂಗಕೆ, ಮೂರು ಗುಂಡಿ ಪುಟ್ಟಿಯ ಮೂಗಿನ ತುದಿಗೆ."

ಹಾಡಿದ್ದು ಅವಳೇ. ಒರಟಾದ, ಆದರೆ ಎಲ್ಲ ಅಕ್ಷರವೂ ಇದ್ದ ದನಿ. ಅವಳಿಗೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು. ಮಗಳು ಅಮ್ಮನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಟೈಲರ್ ಎದ್ದು ಹೊರಗೆ ಹೋಗಿ ಬೆಂಚಿನ ಮೇಲೆ ಕುಳಿತ. ಚಪ್ಪಲಿಗಳನ್ನು ಎಡಬಲ ತಪ್ಪಿ ಮೆಟ್ಟಿದ್ದ. ಅಲ್ಲಿ ಕಾಯುತ್ತಿದ್ದ ಪೋಸ್ಟ್‌ಮ್ಯಾನ್, ಸಂತೋಷ ಜಾಸ್ತಿಯಾದರೂ ಹಾಗೇ ಆಗುತ್ತದೆ ಎಂದು ತನ್ನ ನಡುಗುವ ಕೈಯಿಂದ ಅವನ ಬೆನ್ನು ಸವರಿದ.

ಹಾಡು ಬಂತೆಂದರೆ ಮಾತು ಬಂದ ಹಾಗಲ್ಲ ಎಂದು ಮೇಡಂ ಆಮೇಲೆ ವಿವರಿಸಿದರು. ಹಾಡು ಬಾಯಿಪಾಠ, ಮಾತು ಆಗಿಂದಾಗ್ಗೆ ಕಟ್ಟಬೇಕಾದದ್ದು. ಅದಕ್ಕೇ ಚಿಕ್ಕ ಚಿಕ್ಕ ಮಾತುಗಳನ್ನು, ನೀರು ಬೇಕು, ಕಿಟಕಿ ತೆಗೀರಿ ಅಂಥವನ್ನು, ಎರಡೇ ಸ್ವರದಲ್ಲಿ, ಒಂದು ಮೇಲೆ ಒಂದು ಕೆಳಗೆ, ಎಡಗೈ ತಟ್ಟುತ್ತ ಹಾಡಿಸಬೇಕು. ಮೊದಲು ಜೊತೆಯಲ್ಲಿ, ಆಮೇಲೆ ಅರ್ಧ ಅವರಿಗೆ ಬಿಟ್ಟು, ಕೊನೆಗೆ ರಾಗವನ್ನು ಸವೆಸಿ ಮಾತು ಮಾಡಬೇಕು. ವಾರಕ್ಕೆರಡು ದಿನ ಇಲ್ಲಿ ಮಾಡಿದರೆ ಸಾಲದು. ಮನೆಯಲ್ಲಿ ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ. ಮೊದಲ ಕೆಲವು ತಿಂಗಳೇ ಮುಖ್ಯ. ದಿನಕ್ಕೆರಡು ಚೌಕಗಳಿರುವ ಒಂದು ಹಾಳೆ ಕೊಟ್ಟು, ಮಾಡಿಸಿದಾಗಲೆಲ್ಲ ಟಿಕ್ ಹಾಕಿ ಎಂದರು. ಹಾಳೆಯನ್ನು ಟೈಲರನ ಕೈಗೇ ಕೊಟ್ಟರು. ಮನೆಯಲ್ಲಿ ಇಡೀ ದಿನ ಇರುವವನು ಅವನೇ ತಾನೇ.

ಮೊದಲ ನಾಲ್ಕು ದಿನ ಮಾಡಿಸಿದ. ನಾಲ್ಕನೆಯ ದಿನ "ನೀರು" ಎಂಬುದು ಸ್ಪಷ್ಟವಾಗಿ ಬಂತು. ಅವಳ ಮುಖ ಅರಳಿತು. ಅವನು ಮನಸ್ಸಿನಲ್ಲೇ ಮುಂದಿನ ಮಾತುಗಳನ್ನು ಎಣಿಸಿದ. ನೀರು ಬಂದರೆ ಬೇಕು ಬರುತ್ತದೆ, ಆಮೇಲೆ ಬೇಡ, ಆಮೇಲೆ ಹತ್ತೂವರೆ, ಆಮೇಲೆ ಇವರು ಇಲ್ಲೇ ಇದ್ದರು ಎನ್ನುವ ಮಾತು. ಐದನೆಯ ದಿನ ಕೆಲಸ ಜಾಸ್ತಿಯಿದೆ ಎಂದ. ಆರನೆಯ ದಿನ ಏನೂ ಹೇಳಲಿಲ್ಲ. ಚೌಕಗಳಿಗೆ ಮಾತ್ರ ತಪ್ಪದೆ ಟಿಕ್ ಹಾಕಿದ. ಒಂದೇ ಪೆನ್ನಿನಲ್ಲಿ ಹಾಕಿದರೆ ಅನುಮಾನ ಬರಬಹುದೆಂದು ಒಂದು ದಿನ ನೀಲಿ, ಒಂದು ದಿನ ಕಪ್ಪು. ಮೋಸದಲ್ಲೂ ಹೊಲಿಗೆ ಸಾಫಾಗಿರಬೇಕು ಎನ್ನುವ ಜಾತಿ ಅವನದು.

ಅವಳು ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಂದು ಕಿಟಕಿಯ ಪಕ್ಕ ಕುಳಿತು ಎಡಗೈಯನ್ನು ಚಾಚುತ್ತಿದ್ದಳು. ಅವನು ಯಂತ್ರಕ್ಕೆ ನೂಲು ಏರಿಸುವ ನೆಪ ಮಾಡುತ್ತಿದ್ದ. ಸ್ವಲ್ಪ ಹೊತ್ತು ಕಾದು ಕೈ ಹಿಂದೆ ತೆಗೆದುಕೊಳ್ಳುತ್ತಿದ್ದಳು. ಕೆಲವು ದಿನಗಳಾದ ಮೇಲೆ ಚಾಚುವುದನ್ನು ಬಿಟ್ಟಳು. ತಾನೇ ಕಿಟಕಿಯ ಕಟ್ಟೆಯ ಮೇಲೆ ತಟ್ಟಿಕೊಂಡು ಗುನುಗತೊಡಗಿದಳು. ಜೊತೆಗೆ ಶಬ್ದ ಸೇರಿಸುವವರಿಲ್ಲದೆ ಆ ಗುನುಗು ಹೋಗಿ ಹೋಗಿ "ಆಮೇಲೆ"ಗೇ ಮುಟ್ಟುತ್ತಿತ್ತು. ಅದನ್ನು ಕೇಳಲಾರದೆ ಅವನು ಪೆಡಲನ್ನು ಜೋರಾಗಿ ಒತ್ತುತ್ತಿದ್ದ. ಬಟ್ಟೆಯಿಲ್ಲದೆಯೂ ಯಂತ್ರ ಓಡಿಸಿದ ದಿನವಿತ್ತು. ಅವಳು ತಿರುಗಿ ನೋಡಿದಳು. ಸೂಜಿಯ ಕೆಳಗೆ ಏನೂ ಇಲ್ಲ ಎಂಬುದು ನಲವತ್ತು ವರ್ಷ ಹೊಲಿಗೆಯ ಮನೆಯಲ್ಲಿದ್ದವಳಿಗೆ ಶಬ್ದದಲ್ಲೇ ಗೊತ್ತಾಗುತ್ತದೆ.

ಅಡುಗೆ, ಸ್ನಾನ, ಮಾತ್ರೆ, ಯಾವುದರಲ್ಲೂ ಅವನು ಕಡಿಮೆ ಮಾಡಲಿಲ್ಲ. ಅವಳ ಜಡೆ ಹೆಣೆಯುವುದನ್ನೂ ಕಲಿತ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಪಕ್ಕದ ಮನೆಯಾಕೆ ಹೇಳಿದಾಗ, ಅವನಿಗೆ ಬಾಚಣಿಗೆಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಆರು ವಾರ ಹೀಗೇ ಕಳೆಯಿತು. ಮಗಳಿಗೆ ಪ್ರತಿ ಸಲ ರಜೆ ಸಿಗುತ್ತಿರಲಿಲ್ಲವಾದ್ದರಿಂದ ಚಿಕಿತ್ಸೆಗೆ ಅವನೇ ಕರೆದೊಯ್ಯುತ್ತಿದ್ದ. ಒಂದು ಮಂಗಳವಾರ ಪಾಠ ಮುಗಿದ ಮೇಲೆ ಮೇಡಂ ಅವಳನ್ನು ಪಕ್ಕದ ಕೋಣೆಯಲ್ಲಿ ಗುಂಪಿನವರ ಜೊತೆ ಹಾಡಲು ಕೂರಿಸಿ, ಟೈಲರನನ್ನು ಒಬ್ಬನನ್ನೇ ಒಳಗೆ ಕರೆದರು. ಮೇಜಿನ ಮೇಲೆ ಅವನ ಟಿಕ್ ಹಾಳೆಗಳು ಸಾಲಾಗಿದ್ದವು. ಸಿಕ್ಕಿಬಿದ್ದೆ ಎಂದುಕೊಂಡ. ಆದರೆ ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ತಪ್ಪು ನಂದು," ಎಂದರು. "ಮೊದಲನೇ ದಿನ ಅವರು ಹಾಡಿದ್ದು ನೋಡಿ ನಿಮಗೆಲ್ಲ ಆಸೆ ಹುಟ್ಟಿಸಿಬಿಟ್ಟೆ. ನೀವು ಒಂದು ಹೊತ್ತೂ ತಪ್ಪಿಸದೆ ಮಾಡಿಸಿದ್ದೀರಿ. ಇಷ್ಟು ಮಾಡಿಸೋ ಮನೆಯವರನ್ನ ನಾನು ನೋಡೇ ಇಲ್ಲ. ಆದ್ರೂ ಬರ್ತಾ ಇಲ್ಲ ಅಂದ್ರೆ ನಾನು ಹಿಡಿದ ದಾರೀನೇ ಸರಿ ಇಲ್ಲ. ಕ್ಷಮಿಸಿ. ಇನ್ನು ಅವರನ್ನ ಮೆಟ್ಟಿಲು ಹತ್ತಿಸಿ ದಣಿಸೋದು ಬೇಡ."

ಬೈದಿದ್ದರೆ ಟೈಲರ್ ತಡೆದುಕೊಳ್ಳುತ್ತಿದ್ದ. ಇನ್ನೊಂದು ಸುಳ್ಳನ್ನೂ ಹೇಳುತ್ತಿದ್ದನೇನೋ. ತಪ್ಪೇ ಮಾಡದ ಹೆಂಗಸು ತನ್ನೆದುರು ಕ್ಷಮೆ ಕೇಳುವುದನ್ನು ನೋಡಿ ಅವನಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ನಿಂತ. ಪಕ್ಕದ ಕೋಣೆಯಿಂದ, ಮಾತು ಕಳೆದುಕೊಂಡ ಏಳೆಂಟು ಜನ ಒಟ್ಟಿಗೆ ಹಾಡುತ್ತಿದ್ದ ಹಾಡು ಬಾಗಿಲ ಸಂದಿಯಿಂದ ಬರುತ್ತಿತ್ತು.

"ನಾಲ್ಕೇ ದಿನ ಮಾಡಿಸಿದ್ದು," ಎಂದ. "ಮಿಕ್ಕಿದ್ದೆಲ್ಲ ಸುಳ್ಳು ಟಿಕ್ಕು."

ಮೇಡಂ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಈ ಟಿಕ್ಕುಗಳನ್ನು ನಂಬಿ ತಾನು ಸುಲಭದ ಪಾಠ ಬಿಟ್ಟು ಕಷ್ಟದ್ದು ಕೊಡುತ್ತ ಹೋದೆ, ಅವರು ಪ್ರತಿ ಸಲವೂ ಸೋತು ಮುಖ ಬಾಡಿಸಿಕೊಂಡು ಕೂರುತ್ತಿದ್ದರು, ಆರು ವಾರ ಸುಮ್ಮನೆ ಕರಗಿಹೋಯಿತು ಎಂದರು. ದನಿ ಏರಿಸಲಿಲ್ಲ. ಯಾಕೆ ಎಂದು ಮಾತ್ರ ಕೇಳಿದರು. ಆಗ ಅವನು ಆ ಬೆಳಗಿನದನ್ನು ಹೇಳಿದ. ಸೂಜಿ ನಿಲ್ಲುತ್ತಿಲ್ಲ ಎಂದದ್ದು, ಇಪ್ಪತ್ತೆರಡು ಅಂಗಿ, ಡಾಕ್ಟರು ಕೇಳಿದ ಪ್ರಶ್ನೆ, ಎಂಟು ಗಂಟೆ ಎಂಬ ಉತ್ತರ. ಇಂಜೆಕ್ಷನ್ ಕೊಟ್ಟಿದ್ದರೆ ಸರಿಹೋಗುತ್ತಿದ್ದಳೇ ಎಂದು ಕೊನೆಗೆ ಕೇಳಿದ. ಮೂರೂವರೆ ತಿಂಗಳಿಂದ ಯಾರನ್ನೂ ಕೇಳಲಾಗದ ಪ್ರಶ್ನೆ ಅದು.

ಕೆಲವರಿಗೆ ಸರಿಹೋಗುತ್ತದೆ, ಕೆಲವರಿಗಿಲ್ಲ, ನಾನು ಡಾಕ್ಟರಲ್ಲ ಎಂದರು ಮೇಡಂ. ಅದನ್ನು ಹೇಳಿ ನಿಮ್ಮನ್ನು ಹಗುರ ಮಾಡಲೂ ಆರೆ, ಭಾರ ಮಾಡಲೂ ಆರೆ ಎಂದರು.

"ಮಾತು ಬಂದ್ರೆ ಅವಳು ಅದನ್ನೇ ಹೇಳ್ತಾಳೆ ಮೇಡಂ."

"ಅದನ್ನೇ ಹೇಳ್ತಾರೆ ಅಂತ ನಿಮಗೆ ಹೇಗೆ ಗೊತ್ತು? ಬೆನ್ನು ಕಡೀತಾ ಇದೆ ಅಂತ ಹೇಳಬಹುದು. ಸಾರಿಗೆ ಉಪ್ಪಿಲ್ಲ ಅಂತ ಹೇಳಬಹುದು. ಅವರು ಆಡೋ ಮಾತೆಲ್ಲ ನಿಮ್ಮ ಬಗ್ಗೇನೇ ಇರಬೇಕಾ?"

ಮೇಡಂ ಹಳೆಯ ಹಾಳೆಗಳನ್ನು ಹರಿಯದೆ, ಫೈಲಿನಲ್ಲಿ ಹಾಗೇ ಇಟ್ಟು, ಒಂದು ಖಾಲಿ ಹಾಳೆ ಕೊಟ್ಟರು. ಮಗಳಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ನಿಮ್ಮ ಮನೆಯವರ ಕೈ ಹಿಡಿಯುವುದು ನಾಳೆಯಿಂದ ತಪ್ಪಬಾರದು ಎಂದರು.

ಮಾರನೆಯ ಬೆಳಿಗ್ಗೆ ಅವನು ಅಂಗಡಿಯ ಬಾಗಿಲು ತೆಗೆಯಲಿಲ್ಲ. ಅವಳ ಎದುರು ಸ್ಟೂಲು ಹಾಕಿಕೊಂಡು ಕುಳಿತು, ನಾನು ಬೇಕೆಂದೇ ಮಾಡಿಸಲಿಲ್ಲ ಎಂದ. ಅವಳಿಗೆ ಅದು ಹೊಸ ಸುದ್ದಿಯೇನಲ್ಲ. ಅವನು ಕೈ ಚಾಚಿದ. ಅವಳು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವನು ತನ್ನ ಮೊಣಕಾಲಿನ ಮೇಲೇ ತಟ್ಟಿಕೊಳ್ಳುತ್ತ, ಜನ್ಮದಲ್ಲಿ ಹಾಡದ ಗಂಟಲಿನಲ್ಲಿ, ನೀರು ಬೇಕು, ನೀರು ಬೇಕು ಎಂದು ಇಪ್ಪತ್ತು ನಿಮಿಷ ಹಾಡಿದ. ಸಂಜೆಯೂ ಹಾಡಿದ. ಆ ದಿನ ಟಿಕ್ ಹಾಕಲಿಲ್ಲ. ಎರಡನೆಯ ದಿನವೂ ಅವಳು ಕೈ ಕೊಡಲಿಲ್ಲ, ಮೂರನೆಯ ದಿನವೂ ಇಲ್ಲ. ನಾಲ್ಕನೆಯ ದಿನ ಅವನ ಅಪಸ್ವರ ತಡೆಯಲಾರದೆಯೋ ಏನೋ, ಕೈ ಹೊರಗೆ ಬಂತು.

ಮೂರು ವಾರಕ್ಕೆ ನೀರು ಬೇಕು ಬಂತು. ಕಿಟಕಿ ತೆಗೀರಿ ಬಂತು. ಇನ್ನು ಮುಂದಿನ ಮಾತನ್ನು ನೀವೇ ಆರಿಸಿಕೊಳ್ಳಿ ಎಂದು ಮೇಡಂ ಅವಳಿಗೆ ಚಿತ್ರಗಳ ಪುಸ್ತಕ ಕೊಟ್ಟರು. ಊಟ, ಹಾಸಿಗೆ, ಮಾತ್ರೆ, ದೀಪ. ಅವಳು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟಳು. ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಅದರ ಬೆರಳುಗಳ ನಡುವೆ ಇಲ್ಲದ ಸೂಜಿಯೊಂದನ್ನು ಸಿಕ್ಕಿಸಿ, ಅದು ಜಾರಿ ಬಿದ್ದ ಹಾಗೆ ಮಾಡಿ ತೋರಿಸಿ, ತಲೆ ಅಲ್ಲಾಡಿಸಿದಳು. ಹೊಲಿಗೆ ಬೇಡವೇ ಎಂದರು ಮೇಡಂ. ಅಲ್ಲ. ಕೈ ನೋವೇ? ಅಲ್ಲ. ಅವಳು ಗಂಡನ ಕಡೆ ನೋಡಿದಳು.

"ನನ್ನ ಕೈಲಿ ಆಗಲ್ಲ," ಎಂದ ಟೈಲರ್. "ಅವತ್ತು ಅರ್ಧ ಹೇಳಿದ್ಲು. ಆ ಮಾತು ಬೇಕಂತೆ."

ಅವಳು ಹೌದೆಂದು ತಲೆಯಾಡಿಸಿದಳು. ಮೇಡಂ ಅದನ್ನು ಎರಡು ಸ್ವರಕ್ಕೆ ಕೂರಿಸಿಕೊಟ್ಟರು. ಅಂದಿನಿಂದ ದಿನಕ್ಕೆರಡು ಹೊತ್ತು, ಅವಳ ಎಡಗೈ ಹಿಡಿದು ತಟ್ಟುತ್ತ, ಟೈಲರ್ ಅವಳ ಜೊತೆ ನನ್ನ ಕೈಲಿ ಆಗಲ್ಲ ಎಂದು ಹಾಡಬೇಕಾಯಿತು. ಒಂದು ಸಂಜೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಗಿರಾಕಿಯೊಬ್ಬ, ಗಂಡಹೆಂಡತಿ ಇಬ್ಬರೂ ಆಗಲ್ಲ ಆಗಲ್ಲ ಅಂದರೆ ನನ್ನ ಪ್ಯಾಂಟಿನ ಗತಿ ಏನು ಎಂದ. ಅವಳು ನಕ್ಕಳು. ಕಾಯಿಲೆ ಬಿದ್ದ ಮೇಲೆ ಅವನು ಕೇಳಿದ ಮೊದಲ ನಗು ಅದು. ಅದರಲ್ಲಿ ತನಗೆ ಪಾಲು ಇದೆಯೇ ಇಲ್ಲವೇ ಎಂದು ತಿಳಿಯದೆ ಅವನು ಗಿರಾಕಿಯ ಪ್ಯಾಂಟನ್ನು ಹುಡುಕಲು ಎದ್ದ.

ಆ ಮಾತು ಅವಳಿಗೆ ಪೂರ್ತಿ ಒಲಿದ ವಾರವೇ, ಭಾನುವಾರ ಮಧ್ಯಾಹ್ನ, ಮಗಳು ಬಂದಾಗ ಅವನು ಎಲ್ಲವನ್ನೂ ಹೇಳಿದ. ಅವಳ ಅಮ್ಮನ ಎದುರಿಗೇ ಹೇಳಿದ. ಹೇಗೋ ಗೊತ್ತಾಗುವುದಕ್ಕಿಂತ ತನ್ನ ಬಾಯಿಂದಲೇ ಗೊತ್ತಾಗಲಿ ಎನ್ನುವ ಲೆಕ್ಕಾಚಾರವೂ ಅದರಲ್ಲಿ ಸ್ವಲ್ಪ ಇತ್ತು. ಅದೂ ಅವನಿಗೆ ಗೊತ್ತಿತ್ತು. ಮಗಳು ಲ್ಯಾಬಿನವಳು, ಗಂಟೆಗಳ ಬೆಲೆ ಬಲ್ಲವಳು. ಹತ್ತೂವರೆ, ಒಂದೂವರೆ ಎಂದು ಬೆರಳು ಮಡಚಿದಳು. "ಮೂರೇ ಗಂಟೆ," ಎಂದಳು. "ನಿಮ್ಮ ತಪ್ಪಿಲ್ಲ ಅಂತ ನಾನೇ ಹೇಳಿದ್ದೆ. ನೀವು ಹೂಂ ಅಂದ್ಕೊಂಡು ನಿಂತಿದ್ರಿ." ಅತ್ತು ರಂಪ ಮಾಡಲಿಲ್ಲ. ಒಳಗೆ ಹೋಗಿ ಅಮ್ಮನ ಸೀರೆಗಳನ್ನೂ ಮಾತ್ರೆಗಳನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಬಂದು, ಏಳಮ್ಮ, ನಮ್ಮನೆಗೆ ಹೋಗೋಣ ಎಂದಳು.

ಅವಳ ಅಮ್ಮ ಏಳಲಿಲ್ಲ. ಎಡಗೈಯಿಂದ ಕುರ್ಚಿಯ ತೋಳನ್ನು ತಟ್ಟಿದಳು. "ಆಗಲ್ಲ." ಸ್ವಲ್ಪ ತಡೆದು, ಹುಡುಕಿ ಹುಡುಕಿ, "ನನ್ನ... ಮನೆ," ಎಂದಳು.

ಗಂಡನ ಮೇಲಿನ ಪ್ರೀತಿಗೆ ಹೇಳಿದ್ದಲ್ಲ ಅದು; ಟೈಲರ್ ಹಾಗೆಂದು ತನ್ನನ್ನು ತಾನು ನಂಬಿಸಿಕೊಳ್ಳಲೂ ಹೋಗಲಿಲ್ಲ. ಮಗಳು ಚೀಲವನ್ನು ಅಲ್ಲೇ ಇಟ್ಟು, ಅಮ್ಮನ ಕೆನ್ನೆಗೆ ಕೆನ್ನೆ ತಾಗಿಸಿ, ಅವನ ಕಡೆ ನೋಡದೆ ಮೆಟ್ಟಿಲಿಳಿದು ಹೋದಳು.

ಅವಳು ಹೋದ ಮೇಲೆ ಅವನು ಹೆಂಡತಿಯ ಎದುರು ಕುಳಿತ. ತನ್ನನ್ನು ಕ್ಷಮಿಸುತ್ತೀಯಾ ಎಂದು ಕೇಳಿದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಕೈ ತಟ್ಟಲಿಲ್ಲ, ರಾಗ ಹಿಡಿಯಲಿಲ್ಲ. ಆಮೇಲೆ, ಬರೀ ಮಾತಿನಲ್ಲಿ, "ಗೊತ್ತಿಲ್ಲ," ಎಂದಳು.

ಮಂಗಳವಾರ ಮೇಡಂ ವಾರದಲ್ಲಿ ಏನೇನು ಬಂತು ಎಂದು ಕೇಳಿದಾಗ ಅವನು ಅದನ್ನೂ ಹೇಳಬೇಕಾಯಿತು. ಅವರು ಪೆನ್ಸಿಲ್ ಹುಡುಕುವುದನ್ನು ನಿಲ್ಲಿಸಿದರು. ಅಭ್ಯಾಸ ಮಾಡಿಸದ ಮಾತು ತಾನಾಗಿ ಬಂತೇ, ರಾಗವಿಲ್ಲದೆಯೇ ಎಂದು ಮತ್ತೆ ಮತ್ತೆ ಕೇಳಿದರು. ಇದಕ್ಕಾಗಿಯೇ ಇಷ್ಟೆಲ್ಲ ಮಾಡುವುದು, ಇದು ದೊಡ್ಡ ಹೆಜ್ಜೆ ಎಂದರು. ಯಾವ ಪ್ರಶ್ನೆಗೆ ಹೇಳಿದ್ದು ಎಂದು ಕೇಳಿದರು. ಅವನು ಹೇಳಿದ. ಮೇಡಂ ಮುಖದ ನಗೆ ಹಾಗೇ ನಿಂತಿತು. ತಾರೀಖು ಹಾಕಿ, ಪ್ರಶ್ನೆಯನ್ನೂ ಉತ್ತರವನ್ನೂ ಫೈಲಿನಲ್ಲಿ ಬರೆದುಕೊಂಡರು.

ಈಗ ಒಂದು ವರ್ಷವಾಗಿದೆ. ಅವಳಿಗೆ ಸುಮಾರು ಅರವತ್ತು ಮಾತು ಬರುತ್ತದೆ. ಉದ್ದದ ವಾಕ್ಯ ಬರುವುದಿಲ್ಲ, ಬರಲಿಕ್ಕಿಲ್ಲ ಎಂದು ಮೇಡಂ ಹೇಳಿದ್ದಾರೆ. ಬಲಗೈ ಏಳಲಿಲ್ಲ. ಗುಂಪಿನ ಹಾಡಿಗೆ ಅವಳು ತಪ್ಪದೆ ಹೋಗುತ್ತಾಳೆ. ಆ ದಿನ ಮೆಟ್ಟಿಲು ಹತ್ತುವಾಗ ಅವನ ಹೆಗಲು ಬೇಡ ಎನ್ನುತ್ತಾಳೆ. ಟೈಲರ್ ಸಮವಸ್ತ್ರದ ಕೆಲಸ ಬಿಟ್ಟಿದ್ದಾನೆ. ಕಾಜ, ಗುಂಡಿ ಅವನೇ ಹಾಕುತ್ತಾನೆ. ಸರಿಯಾಗಿ ಬಾರದಿದ್ದರೆ ಅವಳು, "ಬಿಚ್ಚಿ," ಎನ್ನುತ್ತಾಳೆ. ಅವನು ಬಿಚ್ಚುತ್ತಾನೆ.

ಮಗಳು ತಿಂಗಳಿಗೊಂದು ಸಲ ಬರುತ್ತಾಳೆ. ಫೋನು ಮಾತ್ರ ದಿನಾ ಸಂಜೆ ಏಳಕ್ಕೆ ಬರುತ್ತದೆ. ಅವನು ಎತ್ತಿದರೆ, "ಅಮ್ಮನಿಗೆ ಕೊಡಿ," ಎನ್ನುತ್ತಾಳೆ. ಅವನು ಕೊಡುತ್ತಾನೆ. ಸ್ಪೀಕರ್ ಹಾಕಿದರೆ ಹೆಂಡತಿಗೆ ಸೇರುವುದಿಲ್ಲ. ಮಗಳ ದನಿ ಕಿವಿಯೊಳಗೇ ಬೀಳಬೇಕು. ಆದರೆ ಎಡಗೈಯಲ್ಲಿ ಫೋನು ಹಿಡಿದರೆ ತಾಳ ತಟ್ಟಲು ಕೈಯಿಲ್ಲ, ತಾಳವಿಲ್ಲದೆ ಕಷ್ಟದ ಮಾತುಗಳು ಬರುವುದಿಲ್ಲ. ಅದಕ್ಕೆ ಅವನು ಅವಳ ಬೆನ್ನ ಹಿಂದೆ ನಿಂತು, ಎಡ ಭುಜದ ಮೇಲೆ ಅಕ್ಷರಕ್ಕೊಂದರಂತೆ ಮೆಲ್ಲಗೆ ತಟ್ಟುತ್ತಾನೆ. ಒಮ್ಮೊಮ್ಮೆ ಅವಳು ಔಷಧದ ಬಗ್ಗೆ ಹೇಳುತ್ತಾಳೆ, ಒಮ್ಮೊಮ್ಮೆ ಪಕ್ಕದ ಮನೆಯಾಕೆಯ ಬಗ್ಗೆ, ಒಮ್ಮೊಮ್ಮೆ ಅವನ ಬಗ್ಗೆ. ಮೊನ್ನೆ, "ಅಪ್ಪ... ಅವತ್ತು..." ಎಂದು ಶುರುಮಾಡಿದಳು. ಮುಂದಿನ ಮಾತು ಏನೆಂದು ಅವನಿಗೆ ಗೊತ್ತಿರಲಿಲ್ಲ. ಅವಳು ಹುಡುಕುತ್ತಿದ್ದಳು. ಆ ಕಡೆ ಮಗಳು ಕಾಯುತ್ತಿದ್ದಳು. ಟೈಲರ್ ತಟ್ಟುತ್ತಲೇ ಇದ್ದ.